ಹಳೆ ಗಾಡಿಗೆ ಬೇರೆ ಎಂಜಿನ್ ಕೂರಿಸಿದಿರಾ? ಬ್ರೀದರ್ ಪೈಪ್ ಎಲ್ಲಿಗೆ ಹೋಯಿತು ನೋಡಿ

ತುಮಕೂರು ಸುತ್ತಮುತ್ತ ಹಳೆ ಗಾಡಿಗಳಿಗೆ ಬರವಿಲ್ಲ. ಗುಬ್ಬಿ, ತಿಪಟೂರು ಕಡೆಯ ತೆಂಗಿನ ತೋಟಗಳಲ್ಲಿ ಇವತ್ತಿಗೂ ಜೀಪು ಓಡುತ್ತದೆ. ಹಳೆ ಜಿಪ್ಸಿಗೆ ಈಗಲೂ ಗಿರಾಕಿ ಇದ್ದಾರೆ. ಅಪ್ಪನ ಕಾಲದ ಅಂಬಾಸಡರನ್ನು ಮಾರಲು ಮನಸ್ಸಿಲ್ಲದೆ ಟಾರ್ಪಾಲು ಹೊದಿಸಿ ಇಟ್ಟವರಂತೂ ಬೀದಿಗೊಬ್ಬರು. ಇಂಥ ಗಾಡಿಗಳ ಎಂಜಿನ್ ಸವೆದಾಗ ಅದನ್ನೇ ಬೋರ್ ಮಾಡಿಸುವ ಬದಲು ಬೇರೆ ಎಂಜಿನ್ ಕೂರಿಸುವುದು ಜಾಸ್ತಿ. 1489 ಸಿಸಿ ಪೆಟ್ರೋಲ್ ಅಂಬಾಸಡರ್‌ಗೆ 1.8 ಲೀಟರ್ ಇಸುಜು ಎಂಜಿನ್, 970 ಸಿಸಿ ಜಿಪ್ಸಿಗೆ 1.3 ಲೀಟರ್ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಎಂಜಿನ್, ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್, ಹೀಗೆ.

ಮೌಂಟಿಂಗ್, ಗೇರ್‌ಬಾಕ್ಸ್, ರೇಡಿಯೇಟರ್, ವೈರಿಂಗ್, ಇಷ್ಟಕ್ಕೂ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಎಲ್ಲಾ ಮುಗಿದ ಮೇಲೆ ಎಂಜಿನ್ನಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಬಂದ ಒಂದು ಪೈಪು ಯಾವುದಕ್ಕೂ ಸೇರದೆ ಉಳಿಯುತ್ತದೆ. "ಅದು ಬ್ರೀದರ್ ಸಾರ್, ಸುಮ್ನೆ ಕೆಳಕ್ಕೆ ಬಿಟ್ರೆ ಆಯ್ತು" ಅನ್ನುತ್ತಾರೆ ಮೆಕ್ಯಾನಿಕ್. ಇನ್ನು ಕೆಲವರು ಅದರ ಬಾಯಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಬಿಗಿದು ಕೈ ತೊಳೆದುಕೊಳ್ಳುತ್ತಾರೆ. ಒಂದೆರಡು ತಿಂಗಳಲ್ಲಿ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಲು ಶುರು. ಸೀಲ್ ಬದಲಾಯಿಸುತ್ತಾರೆ, ಮತ್ತೆ ಸೋರುತ್ತದೆ. ಬೈಗುಳ ಮಾತ್ರ ಸೀಲ್ ಮಾಡಿದ ಕಂಪನಿಗೆ.

ಬ್ರೀದರ್ ಅಂದರೆ ಎಂಜಿನ್ ಒಳಗೆ ಸೇರುವ ಗ್ಯಾಸು ಹೊರಬರುವ ದಾರಿ. ಈ ವ್ಯವಸ್ಥೆ ಎಂಜಿನ್ನಿನ ಭಾಗ, ಗಾಡಿಯದಲ್ಲ. ಎಂಜಿನ್ ಬಂದರೆ ಅದರ ಜೊತೆ ಅದೂ ಪೂರ್ತಿಯಾಗಿ ಬರಬೇಕು. ಈ ಬರಹದಲ್ಲಿ ಹೇಳಲು ಹೊರಟಿರುವುದು ಇದನ್ನೇ.

ಒಳಗೆ ಆಗುವುದು ಏನು

ಪಿಸ್ಟನ್ ರಿಂಗ್ ಎಷ್ಟೇ ಹೊಸದಿರಲಿ, ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಪ್ರತಿ ಸಲ ಪೆಟ್ರೋಲ್ ಉರಿದಾಗಲೂ ಸ್ವಲ್ಪ ಗ್ಯಾಸು ರಿಂಗಿನ ಸಂದಿಯಲ್ಲಿ ನುಸುಳಿ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಇದೇ ಬ್ಲೋ-ಬೈ. ಅದರಲ್ಲಿ ಅರ್ಧ ಉರಿದ ಪೆಟ್ರೋಲ್, ಆಮ್ಲ ಹುಟ್ಟಿಸುವ ಗ್ಯಾಸು, ನೀರಿನ ಆವಿ ಎಲ್ಲಾ ಇರುತ್ತವೆ. ನೀರು ಎಲ್ಲಿಂದ ಬಂತು ಅಂತೀರಾ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಮುಕ್ಕಾಲುವಾಸಿಗಿಂತ ಎಷ್ಟೋ ಜಾಸ್ತಿ ಸೈಲೆನ್ಸರ್‌ನಲ್ಲಿ ಹೊರಟುಹೋಗುತ್ತದೆ. ಚೂರುಪಾರು ಚೇಂಬರಿಗೆ ಇಳಿಯುತ್ತದೆ. ಆ ಚೂರೇ ಸಾಕು ಕೆಲಸ ಕೆಡಿಸಲು.

ಹಾಗಾಗಿ ಬ್ರೀದರ್‌ಗೆ ಎರಡು ಕೆಲಸ. ಒಳಗಿನ ಒತ್ತಡ ಬಿಡಿಸುವುದು ಒಂದು. ಒಳಗಿನ ಆವಿಯನ್ನು ಹೊಸ ಗಾಳಿಯಿಂದ ಗುಡಿಸಿ ಆಚೆ ಹಾಕುವುದು ಇನ್ನೊಂದು. ಕೆಳಗೆ ಬಿಟ್ಟ ಪೈಪು ಮೊದಲನೆಯದನ್ನು ಒಂದಿಷ್ಟು ಮಾಡುತ್ತದೆ. ಎರಡನೆಯದನ್ನು ಮಾಡುವುದೇ ಇಲ್ಲ.

ಹಾಗಾದರೆ ಹಳೆ ಕಾರುಗಳಲ್ಲಿ ಕಂಪನಿಯವರೇ ಕೆಳಗೆ ಬಿಟ್ಟಿದ್ದರಲ್ಲ? ಬಿಟ್ಟಿದ್ದರು, ನಿಜ. ಅಂಬಾಸಡರ್‌ನ ಹಳೆ ಎಂಜಿನ್ನಿನ ಪಕ್ಕದ ಟ್ಯಾಪೆಟ್ ಕವರ್‌ನಿಂದ ಕೆಳಗಿಳಿಯುವ ಪೈಪನ್ನು ನೋಡಿರುತ್ತೀರಿ. ಆದರೆ ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ಗಾಡಿ ಓಡುವಾಗ ಕೆಳಗೆ ಬೀಸುವ ಗಾಳಿ ಅದನ್ನು ಹೀರುವ ಹಾಗೆ ಲೆಕ್ಕ ಹಾಕಿರುತ್ತಾರೆ. ಆಯಿಲ್ ತುಂಬುವ ಮುಚ್ಚಳದಲ್ಲಿ ಜಾಲರಿ ಇಟ್ಟು ಹೊಸ ಗಾಳಿಗೆ ದಾರಿಯನ್ನೂ ಮಾಡಿರುತ್ತಾರೆ. ಹಾಗಿದ್ದೂ ಗಂಟೆಗೆ 40 ಕಿ.ಮೀ. ದಾಟುವ ತನಕ ಅದು ಸರಿಯಾಗಿ ಹೀರುವುದಿಲ್ಲ. ಬಿ.ಎಚ್. ರಸ್ತೆಯ ಟ್ರಾಫಿಕ್ಕಿನಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಇದಕ್ಕೆ ಉತ್ತರವಾಗಿ ಬಂದಿದ್ದು ಪಿಸಿವಿ, ಅಂದರೆ ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೇ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಸೇರಿಸಿದ ಇಂಥ ಒಂದು ವಾಲ್ವ್ ಇತ್ತು. 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹೊಸ ಕಾರುಗಳಿಗೆ ಬಂತು, 1963ರ ಹೊತ್ತಿಗೆ ಅಮೆರಿಕದ ಎಲ್ಲಾ ಕಡೆಗೂ. ಹೊಗೆ ಕಡಿಮೆ ಮಾಡಲು ತಂದಿದ್ದು ಅದು. ಎಂಜಿನ್ ಆಯಿಲ್ ಶುಚಿಯಾಗಿ ಉಳಿಯುವುದು ಜೊತೆಗೆ ಸಿಕ್ಕ ಲಾಭ.

ಪಿಸಿವಿ ಕೆಲಸ ಮಾಡುವ ರೀತಿ ಸರಳ. ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ಗಾಳಿಯ ಬಾಗಿಲೇ ಥ್ರಾಟಲ್. ಅದರ ಕೆಳಗೆ ಮ್ಯಾನಿಫೋಲ್ಡಿನಲ್ಲಿ ಎಳೆತ ಇರುತ್ತದೆ. ಅದು ವಾಲ್ವ್ ಮೂಲಕ ಚೇಂಬರಿನ ಗಾಳಿಯನ್ನು ಎಳೆದುಕೊಂಡು ಉರಿಸುತ್ತದೆ. ಖಾಲಿಯಾದ ಜಾಗಕ್ಕೆ ಏರ್ ಕ್ಲೀನರ್‌ನಿಂದ ಸೋಸಿದ ಗಾಳಿ ಇನ್ನೊಂದು ಪೈಪಿನಲ್ಲಿ ಬರುತ್ತದೆ. ಸ್ಲೋನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಎಳೆತ ಜಾಸ್ತಿ, ಬ್ಲೋ-ಬೈ ಕಡಿಮೆ. ಆಗ ವಾಲ್ವ್ ಒಳಗಿನ ಗೂಟ ಮುಂದೆ ಸರಿದು ದಾರಿಯನ್ನು ಕಿರಿದು ಮಾಡುತ್ತದೆ. ಹದ ವೇಗದಲ್ಲಿ ಗೂಟ ನಡುವೆ ನಿಂತು ದಾರಿ ಅಗಲವಾಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡಿನಲ್ಲಿ ಎಳೆತವೇ ಇರುವುದಿಲ್ಲ. ಆಗ ಹೆಚ್ಚಾದ ಗ್ಯಾಸು ಹೊಸ ಗಾಳಿಯ ಪೈಪಿನಲ್ಲೇ ಹಿಂದಕ್ಕೆ ಹೋಗಿ ಏರ್ ಕ್ಲೀನರ್ ಸೇರುತ್ತದೆ. ಕಾರ್ಬೊರೇಟರ್‌ನಲ್ಲಿ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಂದಕ್ಕೆ ಸಿಡಿದರೆ, ವಾಲ್ವ್ ಮುಚ್ಚಿಕೊಂಡು ಬೆಂಕಿ ಚೇಂಬರಿಗೆ ಇಳಿಯದಂತೆ ತಡೆಯುತ್ತದೆ.

1. ಎಂಜಿನ್ ಕೊಳ್ಳುವಾಗಲೇ ನೋಡಿಕೊಳ್ಳಿ

ಗುಜರಿಯಿಂದ ತರುವ ಎಂಜಿನ್ನಿಗೆ ಸಾಧ್ಯವಾದರೆ ಅಲ್ಲೇ ಬ್ಯಾಟರಿ ಕೊಟ್ಟು ಕಂಪ್ರೆಷನ್ ನೋಡಿ. ನಾಲ್ಕು ಸಿಲಿಂಡರ್ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಪಡಿ. ಕಡಿಮೆ ಇರುವ ಸಿಲಿಂಡರಿಗೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಮೇಲೇರಿದರೆ ರಿಂಗ್ ಸವೆದಿದೆ ಅಂತ ಅರ್ಥ. ಏರದಿದ್ದರೆ ವಾಲ್ವ್ ಕಡೆ ತೊಂದರೆ. ರಿಂಗ್ ಸವೆದ ಎಂಜಿನ್ನಿಗೆ ಎಂಥ ಬ್ರೀದರ್ ಹಾಕಿದರೂ ಪ್ರಯೋಜನ ಇಲ್ಲ. ಎಷ್ಟೋ ಜನ ರಿಂಗಿನ ಖಾಯಿಲೆಗೆ ಪೈಪಿನಲ್ಲಿ ಮದ್ದು ಹುಡುಕುತ್ತಾರೆ.

ಆಮೇಲೆ ಆಯಿಲ್ ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಮುಚ್ಚಳದ ಒಳಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಜಿಗುಟು ಕಂಡರೆ ಎಂಜಿನ್ ಸರಿಯಾಗಿ ಉಸಿರಾಡಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದೆ. ರೇಡಿಯೇಟರ್ ನೀರಿನಲ್ಲೂ ಆಯಿಲ್ ಇದೆಯಾ ನೋಡಿದರೆ ಯಾವುದು ಅಂತ ಒಂದು ಅಂದಾಜು ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಎಂಜಿನ್ ಜೊತೆ ಬರಬೇಕಾದ ಸಾಮಾನು. ಅದರದೇ ಟ್ಯಾಪೆಟ್ ಕವರ್, ಆಯಿಲ್ ಮುಚ್ಚಳ, ಪಿಸಿವಿ ವಾಲ್ವ್, ಅದರ ರಬ್ಬರ್ ಬುಶ್, ಎರಡೂ ಪೈಪು, ಇನ್‌ಟೇಕ್ ಮ್ಯಾನಿಫೋಲ್ಡ್, ಏರ್ ಕ್ಲೀನರ್ ಡಬ್ಬ. ಡೀಸೆಲ್ ಆದರೆ ಆಯಿಲ್ ಬೇರ್ಪಡಿಸುವ ಡಬ್ಬವೂ. "ಅದೆಲ್ಲಾ ಯಾಕಣ್ಣ, ಪೈಪ್ ಹೊರಗೆ ಸಿಗುತ್ತೆ" ಅನ್ನುತ್ತಾನೆ ಗುಜರಿಯವನು. ಸಿಗುವುದಿಲ್ಲ. ಬಾಗಿದ ಆಕಾರಕ್ಕೆ ಅಚ್ಚಾದ ಆ ಪೈಪು ಅಂಗಡಿಯಲ್ಲಿ ಸಿಗದೆ ಅಲೆದು ಸುಸ್ತಾಗುತ್ತೀರಿ. ಚೌಕಾಸಿ ಮಾಡುವಾಗಲೇ ಸೇರಿಸಿಕೊಳ್ಳಿ. ಒಪ್ಪದಿದ್ದರೆ ಬಿಚ್ಚುವ ಮುಂಚೆ ಯಾವ ಪೈಪು ಎಲ್ಲಿಗೆ ಹೋಗಿದೆ ಅಂತ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ.

2. ಎಂಜಿನ್ ಹೊರಗಿರುವಾಗಲೇ ಶುಚಿ ಮಾಡಿ

ಟ್ಯಾಪೆಟ್ ಕವರ್ ತಿರುಗಿಸಿ ನೋಡಿದರೆ ಬ್ರೀದರ್ ಬಾಯಿಯ ಕೆಳಗೆ ಒಂದು ತಗಡು ಕಾಣುತ್ತದೆ. ಹಾರುವ ಆಯಿಲ್ ನೇರವಾಗಿ ಪೈಪಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದರ ಹಿಂದೆ ವರ್ಷಗಳ ಕರಿ ಕೆಸರು ಕಟ್ಟಿರುತ್ತದೆ. ಕೆಲವದರಲ್ಲಿ ತಗಡನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಬಿಚ್ಚಿ ತೊಳೆಯಬಹುದು. ರಿವೆಟ್ ಹೊಡೆದಿದ್ದರೆ ಕವರನ್ನೇ ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಹಾಕಿ. ಬೆಳಿಗ್ಗೆ ಒಂದು ಕಡೆಯಿಂದ ಗಾಳಿ ಹೊಡೆದರೆ ಇನ್ನೊಂದು ಕಡೆ ಸಲೀಸಾಗಿ ಬರಬೇಕು. ಚೆಂದಕ್ಕೆ ಅಂತ ಮಾರುವ ಹೊಳೆಯುವ ಅಲ್ಯೂಮಿನಿಯಂ ಕವರ್‌ಗಳಲ್ಲಿ ಎಷ್ಟೋ ಸಲ ಈ ತಗಡೇ ಇರುವುದಿಲ್ಲ. ಅಂಥದ್ದು ಹಾಕಿ ಪಿಸಿವಿ ಸೇರಿಸಿದರೆ ಎಂಜಿನ್ ತನ್ನ ಆಯಿಲನ್ನು ತಾನೇ ಕುಡಿಯುತ್ತದೆ.

ಪಿಸಿವಿ ವಾಲ್ವ್ ಅಲ್ಲಾಡಿಸಿ ನೋಡಿ, ಟಕಟಕ ಅನ್ನಬೇಕು. ಅಂದರೆ ಸಾಕು ಅಂತಲ್ಲ. ಒಳಗಿನ ಸ್ಪ್ರಿಂಗ್ ಸೋತಿದ್ದರೂ ಅದು ಟಕಟಕ ಅನ್ನುತ್ತದೆ. ಎಂಜಿನ್ ಕಡೆಯಿಂದ ಗಾಳಿ ಹೋಗಬೇಕು, ಮ್ಯಾನಿಫೋಲ್ಡ್ ಕಡೆಯಿಂದ ಹೋಗಬಾರದು. ನನ್ನ ಮಾತು ಕೇಳಿದರೆ ಹೊಸದೇ ಹಾಕಿ. ಎಂಜಿನ್ ಬದಲಾವಣೆಗೆ ಆಗುವ ಖರ್ಚಿನಲ್ಲಿ ಅದೊಂದು ಲೆಕ್ಕವೇ ಅಲ್ಲ. ಆದರೆ ಕೂರಿಸುತ್ತಿರುವ ಎಂಜಿನ್ನಿನದೇ ವಾಲ್ವ್ ಇರಬೇಕು. ಸಣ್ಣ ಕಾರಿನ ವಾಲ್ವ್ ದೊಡ್ಡ ಎಂಜಿನ್ನಿಗೆ ಸಾಲದು. ದೊಡ್ಡದರ ವಾಲ್ವ್ ಸಣ್ಣದಕ್ಕೆ ಹಾಕಿದರೆ ಗಾಳಿ ಜಾಸ್ತಿಯಾಗಿ ಸ್ಲೋ ನಿಲ್ಲುವುದಿಲ್ಲ.

3. ಆಯಿಲ್ ಕಡ್ಡಿಯ ಗುರುತು ಮತ್ತೆ ಹಾಕಿ

ಬ್ರೀದರ್‌ಗೂ ಆಯಿಲ್ ಕಡ್ಡಿಗೂ ಏನು ಸಂಬಂಧ? ತುಂಬಾ ಇದೆ. ಎಂಜಿನ್ ಕೂರಿಸುವಾಗ ಮುಂದಿನ ಆಕ್ಸಲ್‌ಗೆ ತಗುಲುತ್ತದೆ ಅಂತ ಚೇಂಬರ್ ಕತ್ತರಿಸಿ ಬೆಸೆಯುವುದುಂಟು, ಬೇರೆ ಮಾಡೆಲ್‌ನ ಚೇಂಬರ್ ಹಾಕುವುದುಂಟು. ಮೂಲ ಗಾಡಿಗಿಂತ ಎಂಜಿನ್ ಹಿಂದಕ್ಕೆ ಜಾಸ್ತಿ ಓರೆಯಾಗಿ ಕೂರುವುದೂ ಉಂಟು. ಆಗ ಕಡ್ಡಿಯ ಹಳೆ ಗುರುತು ಸುಳ್ಳು ಹೇಳುತ್ತದೆ. ಫುಲ್ ಗೆರೆಗೆ ತುಂಬಿದ ಆಯಿಲ್ ನಿಜವಾಗಿ ಜಾಸ್ತಿಯಾಗಿರಬಹುದು. ಕ್ರ್ಯಾಂಕ್ ಅದನ್ನು ಬಡಿದು ನೊರೆ ಮಾಡುತ್ತದೆ, ಬ್ರೀದರ್ ಆಯಿಲ್ ಉಗುಳುತ್ತದೆ. "ಎಂಜಿನ್ ಹೋಗಿದೆ, ಬ್ರೀದರ್ ಹೊಡೀತಿದೆ" ಅಂತ ತೀರ್ಮಾನ ಮಾಡಿ ಒಳ್ಳೆ ಎಂಜಿನ್ ಬಿಚ್ಚಿಸಿದವರಿದ್ದಾರೆ.

ಚೇಂಬರ್ ಮೂಲದ್ದೇ ಆಗಿದ್ದು ಎಂಜಿನ್ ಮಾತ್ರ ಓರೆಯಾಗಿದ್ದರೆ ಕೆಲಸ ಸುಲಭ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಹಾಕಿ, ಆ ಎಂಜಿನ್ನಿಗೆ ಕಂಪನಿ ಹೇಳಿದಷ್ಟು ಲೀಟರ್ ಅಳೆದು ತುಂಬಿ. ಒಂದೆರಡು ನಿಮಿಷ ಓಡಿಸಿ, ಆರಿಸಿ, ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆಯಿರಿ. ಆಯಿಲ್ ನಿಂತ ಕಡೆ ಅರದಿಂದ ಸಣ್ಣ ಗೆರೆ ಎಳೆಯಿರಿ. ಅದೇ ನಿಮ್ಮ ಹೊಸ ಫುಲ್. ಚೇಂಬರನ್ನೇ ಕತ್ತರಿಸಿ ಸಣ್ಣದು ಮಾಡಿದ್ದರೆ ಕಂಪನಿಯ ಲೀಟರ್ ಲೆಕ್ಕ ನಡೆಯುವುದಿಲ್ಲ. ಆಯಿಲ್ ಮಟ್ಟ ಕ್ರ್ಯಾಂಕಿನ ತೂಕದ ಕಲ್ಲುಗಳಿಗೆ ಮುಟ್ಟದಂತೆ, ಪಂಪಿನ ಜಾಲರಿ ಮುಳುಗಿರುವಂತೆ ಚೇಂಬರ್ ಬಿಚ್ಚಿದ್ದಾಗಲೇ ಅಳೆದು ಗುರುತು ಮಾಡಿಕೊಳ್ಳಬೇಕು.

4. ಹೊಸ ಗಾಳಿಯ ದಾರಿ

ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡು ಬಾಯಿ ಇರುತ್ತವೆ. ಒಂದಕ್ಕೆ ಪಿಸಿವಿ, ಇನ್ನೊಂದು ಹೊಸ ಗಾಳಿಗೆ. ಎರಡೂ ಆದಷ್ಟು ದೂರ ದೂರ ಇರಬೇಕು. ಪಕ್ಕಪಕ್ಕದಲ್ಲಿದ್ದರೆ ಗಾಳಿ ಇಲ್ಲಿ ಹೊಕ್ಕು ಅಲ್ಲೇ ಹೊರಟುಹೋಗುತ್ತದೆ, ಕೆಳಗಿನ ಆವಿ ಹಾಗೇ ಉಳಿಯುತ್ತದೆ.

ಹೊಸ ಗಾಳಿಯ ಪೈಪನ್ನು ಏರ್ ಕ್ಲೀನರ್‌ನ ಒಳಭಾಗಕ್ಕೆ, ಅಂದರೆ ಫಿಲ್ಟರ್ ಸೋಸಿದ ಗಾಳಿ ಇರುವ ಕಡೆಗೆ ಸೇರಿಸಿ. ಹಳೆ ಜೀಪಿನ ಆಯಿಲ್ ತುಂಬುವ ಏರ್ ಕ್ಲೀನರ್ ಆದರೂ ಅಷ್ಟೇ. ಕೆಲವು ಡಬ್ಬಗಳಲ್ಲಿ ಈ ಬಾಯಿಗೆ ಸಣ್ಣ ತಂತಿ ಜಾಲರಿ ಇರುತ್ತದೆ, ಅದನ್ನು ಕಿತ್ತು ಬಿಸಾಡಬೇಡಿ.

ಏರ್ ಕ್ಲೀನರ್‌ನಿಂದ ಗಾಳಿ ತೆಗೆದುಕೊಂಡ ಮೇಲೆ ಆಯಿಲ್ ಮುಚ್ಚಳ ಪೂರ್ತಿ ಮುಚ್ಚಿರುವಂಥದ್ದೇ ಆಗಬೇಕು. ಹಳೆ ಜಾಲರಿ ಮುಚ್ಚಳ ಉಳಿಸಿಕೊಂಡರೆ ಗಾಳಿ ಸುಲಭದ ದಾರಿಯಾದ ಅಲ್ಲಿಂದಲೇ ಬರುತ್ತದೆ, ಧೂಳಿನ ಸಮೇತ. ಶಿರಾ ದಾಟಿ ಪಾವಗಡದ ಕಡೆ ಬೇಸಿಗೆಯಲ್ಲಿ ಓಡಾಡುವವರಿಗೆ ಆ ಧೂಳು ಎಂಥದು ಅಂತ ಹೇಳಬೇಕಿಲ್ಲ. ಅದು ಆಯಿಲ್ ಸೇರಿದರೆ ಬೇರಿಂಗಿಗೆ ಎಮರಿ ಉಜ್ಜಿದ ಹಾಗೇ. ಗಾಡಿ ನಿಂತು ಎಂಜಿನ್ ತಣ್ಣಗಾಗುವಾಗಲೂ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಕೆಳಗೆ ಬಿಟ್ಟ ಪೈಪಿನಿಂದಲೂ ಧೂಳು, ತೇವ ಒಳಗೆ ಹೋಗುತ್ತದೆ.

ಎಂಪಿಎಫ್‌ಐ ಎಂಜಿನ್ ಆದರೆ ಒಂದು ಎಚ್ಚರ. ಏರ್ ಕ್ಲೀನರ್ ಆದಮೇಲೆ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದ್ದರೆ, ಹೊಸ ಗಾಳಿಯ ಪೈಪು ಆ ಸೆನ್ಸರ್‌ಗೂ ಥ್ರಾಟಲ್‌ಗೂ ನಡುವೆಯೇ ಸೇರಬೇಕು. ಮುಂಚೆಯೇ ಸೇರಿಸಿದರೆ, ಅಥವಾ ಬೇರೆ ಸಣ್ಣ ಫಿಲ್ಟರ್ ಸಿಕ್ಕಿಸಿದರೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಲೆಕ್ಕ ಸಿಗದ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗುತ್ತದೆ. ಮ್ಯಾನಿಫೋಲ್ಡಿನ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಎಂಜಿನ್ನಿಗೆ ಈ ತಕರಾರಿಲ್ಲ. ಥ್ರಾಟಲ್ ಮುಂಚೆ ಸೋಸಿದ ಗಾಳಿ ಎಲ್ಲಿ ಸಿಕ್ಕರೂ ಸರಿ.

5. ಪಿಸಿವಿ ಕಡೆಯ ದಾರಿ

ಎಂಜಿನ್ ಜೊತೆ ಅದರದೇ ಮ್ಯಾನಿಫೋಲ್ಡ್ ಬಂದಿದ್ದರೆ ಜಾಗ ಸಿದ್ಧವಾಗಿರುತ್ತದೆ, ಸೇರಿಸಿ ಮುಂದೆ ಹೋಗಿ. ಬೇರೆ ಕಾರ್ಬೊರೇಟರ್, ಬೇರೆ ಮ್ಯಾನಿಫೋಲ್ಡ್ ಹಾಕಿದ್ದರೆ ಹೊಸ ಬಾಯಿ ಮಾಡಿಸಬೇಕು. ಥ್ರಾಟಲ್ ಕೆಳಗೆ, ನಾಲ್ಕೂ ದಾರಿ ಕವಲೊಡೆಯುವ ಮುಂಚಿನ ನಡು ಜಾಗದಲ್ಲಿ ಮಾಡಿಸಿ. ಒಂದೇ ಸಿಲಿಂಡರಿನ ಕವಲಿಗೆ ಕೊಟ್ಟರೆ ಆ ಸಿಲಿಂಡರಿಗೆ ಮಾತ್ರ ಗಾಳಿ ಜಾಸ್ತಿಯಾಗುತ್ತದೆ, ಅದೇ ಪ್ಲಗ್ ಆಯಿಲ್ ಹತ್ತಿ ಕಪ್ಪಾಗುತ್ತದೆ. ಮ್ಯಾನಿಫೋಲ್ಡನ್ನು ಗಾಡಿಯಿಂದ ಬಿಚ್ಚಿ ಲೇತ್ ಅಂಗಡಿಗೆ ಒಯ್ದು ತೂತು ಹೊಡೆಸಿ. ಗಾಡಿಯ ಮೇಲೇ ಡ್ರಿಲ್ ಹಿಡಿಯಲು ಬಿಡಬೇಡಿ, ಚೂರು ಒಳಗೆ ಬಿದ್ದರೆ ವಾಲ್ವ್ ಸೀಟಿನ ಕಥೆ ಮುಗಿಯಿತು.

ಸುಲಭ ಅಂತ ಬ್ರೇಕ್ ಬೂಸ್ಟರ್ ಪೈಪಿಗೆ ಟೀ ಹಾಕಿ ಪಿಸಿವಿ ಸೇರಿಸುವವರಿದ್ದಾರೆ. ದಯವಿಟ್ಟು ಬೇಡ. ಬೂಸ್ಟರಿಗೆ ಸಿಗುವ ಎಳೆತ ಕಡಿಮೆಯಾಗುತ್ತದೆ, ಆಯಿಲ್ ಆವಿ ಬೂಸ್ಟರ್ ರಬ್ಬರನ್ನು ಕೆಡಿಸುತ್ತದೆ. ಬ್ರೇಕಿನ ವಿಷಯ ಅದು. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪಿಗೂ ಸೇರಿಸಬೇಡಿ.

ಕಾರ್ಬೊರೇಟರ್ ಟ್ಯೂನ್ ಮಾಡುವುದು ಪಿಸಿವಿ ಸೇರಿಸಿದ ಮೇಲೆಯೇ. ಅದರಿಂದ ಬರುವ ಗಾಳಿಯೂ ಸ್ಲೋ ಲೆಕ್ಕದಲ್ಲಿ ಸೇರಿರುತ್ತದೆ. ಮೊದಲು ಟ್ಯೂನ್ ಮಾಡಿ ಆಮೇಲೆ ಪೈಪ್ ಸೇರಿಸಿದರೆ ಎಂಜಿನ್ ನಡುಗುತ್ತದೆ. ಮೆಕ್ಯಾನಿಕ್ ಪೈಪ್ ಕಿತ್ತು ಬೋಲ್ಟ್ ತುರುಕುವುದು ಬಹಳ ಸಲ ಆ ಗಳಿಗೆಯಲ್ಲೇ.

6. ಪೈಪು ಯಾವುದು, ಹೇಗೆ

ಮನೆಯಲ್ಲಿ ಬಿದ್ದಿದ್ದ ರೇಡಿಯೇಟರ್ ಹೀಟರ್ ಪೈಪು ಬೇಡ. ಆಯಿಲ್ ಆವಿಗೆ ಅದು ಊದಿ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಆಯಿಲ್, ಪೆಟ್ರೋಲ್ ಎರಡನ್ನೂ ತಡೆಯುವ ನೈಟ್ರೈಲ್ ರಬ್ಬರ್ ಪೈಪು ಕೇಳಿ ತನ್ನಿ, ಗೋಡೆ ದಪ್ಪವಿರಲಿ. ಒಳಗಿನ ಅಗಲ ಮೂಲ ಬಾಯಿಗಿಂತ ಕಿರಿದಾಗಬಾರದು.

ಪೈಪನ್ನು ಜೋತು ಬಿಡಬೇಡಿ. ಹೊಟ್ಟೆ ಬಿಟ್ಟ ಕಡೆ ನೀರು, ಆಯಿಲ್ ನಿಂತು ದಾರಿ ಕಟ್ಟುತ್ತದೆ. ಟ್ಯಾಪೆಟ್ ಕವರ್‌ನಿಂದ ಮೇಲ್ಮುಖವಾಗಿ ಹೋದರೆ ಒಳಗೆ ತಣಿದ ಆಯಿಲ್ ವಾಪಸ್ ಎಂಜಿನ್ನಿಗೇ ಇಳಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಇರಲಿ. ಎಂಜಿನ್ ಅಲ್ಲಾಡುತ್ತದೆ, ಬಾಡಿ ಅಲ್ಲಾಡುವುದಿಲ್ಲ. ಹಾಗಾಗಿ ಏರ್ ಕ್ಲೀನರ್ ಬಾಡಿಗೆ ಕೂತಿದ್ದರೆ ಪೈಪಿನಲ್ಲಿ ಸ್ವಲ್ಪ ಸಡಿಲ ಬೇಕು.

ಆವಿಯ ಜೊತೆ ಬರುವ ಆಯಿಲನ್ನು ಹಿಡಿದಿಡುವ ಡಬ್ಬ, ಕ್ಯಾಚ್ ಕ್ಯಾನ್, ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಸರಿಯಾದ ಎಂಜಿನ್, ಸರಿಯಾದ ಪಿಸಿವಿ ಇದ್ದರೆ ನನ್ನ ಪ್ರಕಾರ ಬೇಡ. ಹಾಕಲೇಬೇಕೆಂದರೆ ಒಳಗೆ ಜಾಲರಿ ತುಂಬಿದ್ದು ಹಾಕಿ. ಖಾಲಿ ಡಬ್ಬದಲ್ಲಿ ಆಯಿಲ್ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತದೆ ಅಷ್ಟೇ. ಪಿಸಿವಿಗೂ ಮ್ಯಾನಿಫೋಲ್ಡಿಗೂ ನಡುವೆ ಹಾಕಿ, ಎಲ್ಲೂ ಗಾಳಿ ಸೋರದಂತೆ. ತುಂಬಿದಾಗ ಖಾಲಿ ಮಾಡಲು ನೆನಪಿರಲಿ.

7. ಡೀಸೆಲ್ ಆದರೆ ಬೇರೆ ಲೆಕ್ಕ

ಸಾಮಾನ್ಯ ಹಳೆ ಡೀಸೆಲ್ ಎಂಜಿನ್ನಿಗೆ ಥ್ರಾಟಲ್ ಇಲ್ಲ, ಮ್ಯಾನಿಫೋಲ್ಡಿನಲ್ಲಿ ಎಳೆತವೂ ಇಲ್ಲ. ಬ್ರೇಕ್ ಬೂಸ್ಟರಿಗೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕಾಗುವುದೂ ಅದಕ್ಕೇ. ಹಾಗಾಗಿ ಪೆಟ್ರೋಲ್ ಎಂಜಿನ್ನಿನ ಪಿಸಿವಿ ವಾಲ್ವ್ ಇಲ್ಲಿ ಉಪಯೋಗವಿಲ್ಲ. ಆ ಎಂಜಿನ್ನಿಗೆ ಬಂದ ಬ್ರೀದರ್ ಡಬ್ಬವನ್ನೇ ಉಳಿಸಿಕೊಳ್ಳಿ. ಅದರ ಪೈಪು ಏರ್ ಕ್ಲೀನರ್ ಆದಮೇಲಿನ ಗಾಳಿ ಪೈಪಿಗೆ ಸೇರಲಿ. ಟರ್ಬೊ ಇದ್ದರೆ ಟರ್ಬೊಗೆ ಮುಂಚೆ. ಟರ್ಬೊ ಆದಮೇಲೆ ಸೇರಿಸಿದರೆ ಅದರ ಒತ್ತಡವೆಲ್ಲಾ ಚೇಂಬರಿಗೆ ನುಗ್ಗುತ್ತದೆ.

ಡೀಸೆಲ್‌ನಲ್ಲಿ ನಿಜವಾದ ಅಪಾಯ ಒಂದಿದೆ. ಆಯಿಲ್ ಜಾಸ್ತಿ ತುಂಬಿದ್ದರೆ, ಅಥವಾ ರಿಂಗ್ ಪೂರ್ತಿ ಸವೆದಿದ್ದರೆ, ಬ್ರೀದರ್ ಪೈಪಿನಲ್ಲಿ ಬರುವ ಆಯಿಲನ್ನೇ ಎಂಜಿನ್ ಉರಿಸಲು ಶುರು ಮಾಡಬಹುದು. ಕೀ ತೆಗೆದರೂ ನಿಲ್ಲುವುದಿಲ್ಲ, ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ವೇಗ ಏರುತ್ತಲೇ ಹೋಗಿ ಎಂಜಿನ್ ಸಿಡಿಯಬಹುದು. ಹೊಸದಾಗಿ ಕೂರಿಸಿದ ಡೀಸೆಲ್ ಎಂಜಿನ್ ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಹೋಗುವ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ದಪ್ಪ ಹಲಗೆಯೊಂದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಕೈ ಅಥವಾ ಬಟ್ಟೆಯಿಂದ ಮುಚ್ಚಲು ಹೋಗಬೇಡಿ. ರಸ್ತೆಯಲ್ಲಿ ಹೀಗಾದರೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಬಲವಾಗಿ ತುಳಿದು, ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು.

8. ಲೆವೆಲ್ ಪೈಪಿನ ಪರೀಕ್ಷೆ

ಮೊದಲು ಸುಲಭದ್ದು. ಎಂಜಿನ್ ಬಿಸಿಯಾಗಿ ಸ್ಲೋನಲ್ಲಿರುವಾಗ ಪಿಸಿವಿ ಪೈಪನ್ನು ಅದುಮಿ. ವೇಗ ಸ್ವಲ್ಪ ಬದಲಾಗಬೇಕು. ಬದಲಾಗದಿದ್ದರೆ ವಾಲ್ವ್ ಅಥವಾ ಪೈಪು ಕಟ್ಟಿದೆ. ಆಮೇಲೆ ಹೊಸ ಗಾಳಿಯ ಪೈಪನ್ನು ಮುಚ್ಚಿ, ಆಯಿಲ್ ಮುಚ್ಚಳ ತೆಗೆದು ಆ ಬಾಯಿಗೆ ಒಂದು ಕಾಗದ ಇಡಿ. ಮೆಲ್ಲಗೆ ಹೀರಿ ಹಿಡಿದುಕೊಳ್ಳಬೇಕು. ಹಾರಿಹೋದರೆ ಒಳಗೆ ಒತ್ತಡ ಇದೆ.

ಸರಿಯಾಗಿ ಅಳೆಯಬೇಕೆಂದರೆ ಗಾರೆ ಕೆಲಸದವರ ಲೆವೆಲ್ ಪೈಪು ಸಾಕು. ಹಾರ್ಡ್‌ವೇರ್ ಅಂಗಡಿಯಿಂದ ಒಂದು ನಾಲ್ಕು ಮೀಟರ್ ತನ್ನಿ. ಒಂದು ಮೀಟರ್ ಉದ್ದದ ಹಲಗೆಗೆ ಅದನ್ನು ಯು ಆಕಾರದಲ್ಲಿ ಕಟ್ಟಿ, ಅರ್ಧದ ತನಕ ನೀರು ತುಂಬಿ. ಬಣ್ಣಕ್ಕೆ ಒಂದು ಚಿಟಿಕೆ ಕುಂಕುಮ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿ ಸ್ಕೇಲ್ ಅಂಟಿಸಿ.

ಎಂಜಿನ್ನಿಗೆ ಎಲ್ಲಿ ಸೇರಿಸುವುದು? ಆಯಿಲ್ ಕಡ್ಡಿಯ ಕೊಳವೆಗೆ ಅಂತ ಹಲವರು ಹೇಳುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಆ ಕೊಳವೆಯ ಕೆಳತುದಿ ಆಯಿಲ್‌ನಲ್ಲಿ ಮುಳುಗಿರುತ್ತದೆ, ಲೆಕ್ಕ ತಪ್ಪು ಬರುತ್ತದೆ. ಅದಕ್ಕಿಂತ ಒಂದು ಹಳೆ ಆಯಿಲ್ ಮುಚ್ಚಳ ಹುಡುಕಿ, ನಡುವೆ 11.5 ಮಿ.ಮೀ. ತೂತು ಹೊಡೆಸಿ, ಟ್ಯೂಬ್‌ಲೆಸ್ ಟೈರಿನ ರಬ್ಬರ್ ವಾಲ್ವ್ ಎಳೆದು ಕೂರಿಸಿ. ಅದರೊಳಗಿನ ಪಿನ್ ತೆಗೆದುಬಿಡಿ. ಲೆವೆಲ್ ಪೈಪು ಅದಕ್ಕೆ ಬಿಗಿಯಾಗಿ ಕೂರುತ್ತದೆ. ಇನ್ನೊಂದು ತುದಿ ಬಯಲಿಗೆ. ಫ್ಯಾನಿಗೆ ಪೈಪು ತಗುಲದಂತೆ ಕಟ್ಟಿಕೊಳ್ಳಿ.

ಎಂಜಿನ್ ಕಡೆಯ ನೀರು ಮೇಲೇರಿದರೆ ಒಳಗೆ ಎಳೆತ, ಕೆಳಗಿಳಿದರೆ ಒತ್ತಡ. ಎರಡೂ ಕಡೆಯ ಮಟ್ಟದ ವ್ಯತ್ಯಾಸವೇ ನಿಮ್ಮ ಅಳತೆ. ಪೆಟ್ರೋಲ್ ಎಂಜಿನ್ನಿಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು. ಎಲ್ಲಾ ಪೈಪು ಸೇರಿಸಿ ಸ್ಲೋನಲ್ಲಿ ಬಿಟ್ಟಾಗ ಸಣ್ಣ ಎಳೆತ ಇರಬೇಕು, ಕೆಲವೇ ಮಿ.ಮೀ. ಆದರೂ ಸರಿ. ಈಗ ಹೊಸ ಗಾಳಿಯ ಪೈಪನ್ನು ಬೆರಳಲ್ಲಿ ಮುಚ್ಚಿ. ನೀರು ಎಂಜಿನ್ ಕಡೆ ಏರಲು ಶುರುವಾಗಬೇಕು. 100 ಮಿ.ಮೀ. ದಾಟುತ್ತಿದ್ದಂತೆ ಬೆರಳು ತೆಗೆಯಿರಿ. ತೆಗೆಯದಿದ್ದರೆ ನೀರು ಎಂಜಿನ್ ಒಳಗೇ ಹೋಗುತ್ತದೆ. ಏರದೆ ನಿಂತಲ್ಲೇ ನಿಂತರೆ ಎಲ್ಲೋ ಪ್ಯಾಕಿಂಗ್ ಸೋರುತ್ತಿದೆ, ಅಥವಾ ವಾಲ್ವ್ ಎಳೆಯುವುದಕ್ಕಿಂತ ಬ್ಲೋ-ಬೈ ಜಾಸ್ತಿ ಇದೆ. ಮುಚ್ಚುವ ಮುಂಚೆಯೇ ಜೋರು ಎಳೆತ ಇದ್ದರೆ ಹೊಸ ಗಾಳಿಯ ದಾರಿ ಕಟ್ಟಿದೆ ಅಂತ ಅರ್ಥ.

ಬ್ರೀದರನ್ನು ಗಾಳಿ ಪೈಪಿಗೆ ಸೇರಿಸಿದ ಟರ್ಬೊ ಇಲ್ಲದ ಡೀಸೆಲ್‌ನಲ್ಲಿ ನೀರು ಹೆಚ್ಚುಕಡಿಮೆ ಸಮ ನಿಂತರೆ ಸಾಕು. ಬೆರಳಿನ ಪರೀಕ್ಷೆ ಅದಕ್ಕಲ್ಲ.

9. ಬೆಟ್ಟ ಹತ್ತಿಸಿ

ಸ್ಲೋನಲ್ಲಿ ಚೆನ್ನಾಗಿದ್ದದ್ದು ಭಾರ ಬಿದ್ದಾಗ ಬಣ್ಣ ಬದಲಾಯಿಸಬಹುದು. ತುಮಕೂರಿನವರಿಗೆ ಪರೀಕ್ಷೆಯ ಜಾಗ ಹತ್ತಿರದಲ್ಲೇ ಇದೆ, ದೇವರಾಯನದುರ್ಗ. ನಾಮದ ಚಿಲುಮೆ ದಾಟಿ ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಒತ್ತಿ ಹತ್ತಿಸಿ. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿ. ಆಯಿಲ್ ಕಡ್ಡಿ ಮೇಲೆದ್ದಿದೆಯಾ? ಟ್ಯಾಪೆಟ್ ಕವರ್ ಅಂಚಿನಲ್ಲಿ ಹೊಸ ಜಿನುಗು ಇದೆಯಾ? ಏರ್ ಕ್ಲೀನರ್ ಬಿಚ್ಚಿದಾಗ ಬ್ರೀದರ್ ಬಾಯಿಯ ಹತ್ತಿರ ತೆಳುವಾಗಿ ಆಯಿಲ್ ಸವರಿದ್ದರೆ ಅದು ಸಹಜ, ಪೂರ್ತಿ ಒತ್ತಿ ಹತ್ತಿಸಿದಾಗ ಗ್ಯಾಸು ಹಿಂದಕ್ಕೆ ಬರುತ್ತದೆ ಅಂತ ಆಗಲೇ ಹೇಳಿದೆನಲ್ಲ. ಫಿಲ್ಟರ್ ನೆನೆದು ತೊಟ್ಟಿಕ್ಕುತ್ತಿದ್ದರೆ ಆಯಿಲ್ ಮಟ್ಟ, ತಗಡು, ರಿಂಗ್, ಈ ಕ್ರಮದಲ್ಲಿ ಹುಡುಕಿ. ಇಳಿಯುವಾಗ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಬನ್ನಿ. ಆಗ ಮ್ಯಾನಿಫೋಲ್ಡಿನಲ್ಲಿ ಎಳೆತ ತುಂಬಾ ಜಾಸ್ತಿ. ಕೆಳಗೆ ಬಂದು ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಎದ್ದರೆ ಪಿಸಿವಿ ಆಯಿಲ್ ಎಳೆಯುತ್ತಿದೆ, ಇಲ್ಲವೇ ಎಂಜಿನ್ನಿನ ವಾಲ್ವ್‌ಗಳ ಸೀಲ್ ಸವೆದಿದೆ. ಪಿಸಿವಿ ಪೈಪಿನ ಒಳಗೆ ಬೆರಳಾಡಿಸಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

10. ಥರ್ಮೋಸ್ಟಾಟ್, ಮತ್ತೆ ಕಾಗದ ಪತ್ರ

"ನಮ್ಮೂರ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ" ಅಂತ ಅದನ್ನು ಕಿತ್ತು ಎಸೆಯುವುದು ನಮ್ಮ ಕಡೆ ದೊಡ್ಡ ರೋಗ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಚೇಂಬರಿನ ನೀರು ಆವಿಯಾಗುವುದಿಲ್ಲ. ಪಿಸಿವಿ ಎಷ್ಟು ಎಳೆದರೂ ಆವಿಯನ್ನು ಎಳೆಯಬಹುದೇ ಹೊರತು ತಳದಲ್ಲಿ ನಿಂತ ನೀರನ್ನಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮಾರ್ಕೆಟ್ಟಿಗೆ ಹೋಗಿ ಬರುವಷ್ಟೇ ಓಡುವ ಗಾಡಿಗೆ ಮುಚ್ಚಳದಲ್ಲಿ ಬಿಳಿ ಜಿಗುಟು ಕಟ್ಟುವುದು ಇದಕ್ಕೇ. ಎಂಜಿನ್ನಿಗೆ ಹೇಳಿದ ಥರ್ಮೋಸ್ಟಾಟ್ ಹಾಕಿ. ವಾರಕ್ಕೊಮ್ಮೆಯಾದರೂ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ. ಮೊದಲ ಆಯಿಲನ್ನು ಬೇಗ, ಒಂದು ಸಾವಿರ ಕಿ.ಮೀ. ಒಳಗೆ ಬದಲಾಯಿಸಿ. ಹಳೆ ಕೆಸರು ಕರಗಿ ಅದರಲ್ಲಿ ಬಂದಿರುತ್ತದೆ. ಆಗಲೇ ಪಿಸಿವಿ ವಾಲ್ವ್ ಬಿಚ್ಚಿ ಒಮ್ಮೆ ತೊಳೆದುಬಿಡಿ.

ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು, ಇಂಧನ ಬದಲಾದರೆ ಅದೂ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಇದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಕೆಲಸ ಶುರು ಮಾಡುವ ಮುಂಚೆಯೇ ನಿಮ್ಮ ಗಾಡಿ ಸೇರಿದ ಕಚೇರಿಯಲ್ಲಿ, ಅದು ತುಮಕೂರಿನ ಕೆಎ-06 ಇರಲಿ, ತಿಪಟೂರಿನ ಕೆಎ-44 ಇರಲಿ, ಮಧುಗಿರಿಯ ಕೆಎ-64 ಇರಲಿ, ವಿಚಾರಿಸಿ. ಎಂಜಿನ್ ತಂದವರಿಂದ ಬಿಲ್ಲು ಕೇಳಿ ಇಟ್ಟುಕೊಳ್ಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಎಮಿಷನ್ ಟೆಸ್ಟಿಗೆ ಹೋಗುವಾಗ ಗಾಡಿಯನ್ನು ಚೆನ್ನಾಗಿ ಬಿಸಿ ಮಾಡಿಕೊಂಡು ಹೋಗಿ. ಪೆಟ್ರೋಲ್ ಸೇರಿದ ಹಳೆ ಆಯಿಲ್ ಇದ್ದರೆ ಅದರ ಆವಿಯೂ ಪಿಸಿವಿ ಮೂಲಕ ಬಂದು ರೀಡಿಂಗ್ ಏರಿಸುತ್ತದೆ. ಅದಕ್ಕೆ ಆಯಿಲ್ ಬದಲಾಯಿಸಿದ ಮೇಲೆಯೇ ಟೆಸ್ಟ್ ಮಾಡಿಸಿ.